ಮುಂದೆ 43, ಹಿಂದೆ 39

ಕೆಸರಿನಲ್ಲಿ ಆ ಗಾಡಿಯ ಬಗ್ಗೆ ಯಾರೂ ದೂರು ಹೇಳುವ ಹಾಗಿರಲಿಲ್ಲ. ಪುಷ್ಪಗಿರಿಯ ತಪ್ಪಲಲ್ಲಿ, ಶಾಂತಳ್ಳಿಯಿಂದ ಆಚೆ, ಜೂನ್‌ನಲ್ಲಿ ಹಿಡಿದ ಮಳೆ ಸೆಪ್ಟೆಂಬರ್‌ವರೆಗೂ ಬಿಡದ ಜಾಗದಲ್ಲಿ, ಟ್ರ್ಯಾಕ್ಟರ್ ಹೂತುಕೊಂಡ ಏರನ್ನೂ ಅದು ಗೊಬ್ಬರದ ಮೂಟೆ ಹೊತ್ತು ಹತ್ತುತ್ತಿತ್ತು. ತೊಂದರೆ ಶುರುವಾಗುತ್ತಿದ್ದದ್ದು ನೆಲ ಗಟ್ಟಿಯಾದ ಮೇಲೆ. ಫೋರ್ ವೀಲ್ ಹಾಕಿಕೊಂಡೇ ಡಾಂಬರಿಗೆ ಬಂದರೆ ಸ್ಟೇರಿಂಗ್ ಬಿಗಿಯುತ್ತಿತ್ತು, ಮುಂದಿನ ಟೈರುಗಳು ಕೀರಲು ಸದ್ದು ಮಾಡುತ್ತಿದ್ದವು. ಇನ್ನು ಫೋರ್ ವೀಲ್ ಬಿಡಿಸೋಣವೆಂದರೆ ಲಿವರ್ ಜಪ್ಪಯ್ಯ ಅಂದರೂ ಕದಲುತ್ತಿರಲಿಲ್ಲ. ನಾಲ್ಕು ಮಾರು ರಿವರ್ಸ್ ಹೋದ ಮೇಲೆ ಅಡಿಯಲ್ಲೆಲ್ಲೋ ಟಣ್ ಎಂದು ಸದ್ದಾಗಿ, ಆಮೇಲೆ ಬಿಟ್ಟುಕೊಳ್ಳುತ್ತಿತ್ತು.

ಅಲ್ಲಿಯ ಕಾಫಿ ಬೆಳೆಗಾರರೊಬ್ಬರು ಅದನ್ನು ಕೊಂಡದ್ದು 1996ರಲ್ಲಿ. ಕಾಫಿ ಮಾರಾಟ ಪೂರ್ತಿ ಮುಕ್ತವಾದ ವರ್ಷ ಅದು. ಅದಕ್ಕೂ ಕೆಲವು ವರ್ಷ ಹಿಂದಿನವರೆಗೆ, 1942ರ ಕಾಫಿ ಕಾಯ್ದೆಯ ನೆರಳಿನಲ್ಲಿ, ಬೆಳೆದದ್ದನ್ನು ಕಾಫಿ ಮಂಡಳಿಯ ಪೂಲಿಗೆ ಒಪ್ಪಿಸಿ ಕಂತಿನ ದುಡ್ಡಿಗೆ ಕಾಯುವುದು ಸಣ್ಣ ಬೆಳೆಗಾರರ ರೂಢಿ. ಈಗ ಯಾರು ಒಳ್ಳೆಯ ಬೆಲೆ ಕೊಡುತ್ತಾರೋ ಅವರಿಗೆ, ಬೆಲೆ ಏರಿದ ದಿನ, ಹತ್ತಿಪ್ಪತ್ತು ಚೀಲವಾದರೂ ಸರಿ, ತೆಗೆದುಕೊಂಡು ಹೋಗಿ ಕೊಡಬಹುದಾಗಿತ್ತು. ಅದಕ್ಕೆ ಕೈಯಲ್ಲಿ ಸ್ವಂತದ್ದೊಂದು ಗಾಡಿ ಬೇಕು. ತೋಟದ ಒಳಗೂ ಓಡಬೇಕು, ಕುಶಾಲನಗರದವರೆಗೂ ಹೋಗಿಬರಬೇಕು. ಹೊಸದಕ್ಕೆ ದುಡ್ಡಿರಲಿಲ್ಲ. ಸಿಕ್ಕಿದ್ದು ನಾಲ್ಕು ಕೈ ದಾಟಿ ಬಂದ ಈ ಗಾಡಿ.

ಮೂಲದಲ್ಲಿ ಅದು ಮಹೀಂದ್ರದ ಸಿಜೆ 3ಬಿ, ಎತ್ತರದ ಬಾನೆಟ್ಟಿನ ಜೀಪು. 1947ರಲ್ಲಿ ವಿಲ್ಲಿಸ್ ಜೀಪುಗಳನ್ನು ಬಿಡಿಭಾಗಗಳಾಗಿ ತರಿಸಿ ಮುಂಬೈಯಲ್ಲಿ ಜೋಡಿಸಲು ಶುರುಮಾಡಿದ ಕಂಪನಿ, ಮುಂದೆ ಅವನ್ನು ಇಲ್ಲಿಯೇ ತಯಾರಿಸಿತು. ಮಲೆನಾಡು, ಕೊಡಗಿನ ತೋಟಗಳಲ್ಲಿ ಆ ಜೀಪು ಇಲ್ಲದ ಶೆಡ್ಡು ಕಡಿಮೆ. ಈ ಜೀಪನ್ನು ಮೊದಲು ಓಡಿಸಿದ್ದು ಒಂದು ಸರ್ಕಾರಿ ಇಲಾಖೆ. ಹರಾಜಿನಲ್ಲಿ ಹಿಡಿದವರು ಮರದ ವ್ಯಾಪಾರದವರು. 80 ಅಂಗುಲದ ವೀಲ್‌ಬೇಸ್ ಅವರಿಗೆ ಸಾಲಲಿಲ್ಲ. ಚಾಸಿಯನ್ನು ನಡುವೆ ಕತ್ತರಿಸಿ, ಒಂದೂವರೆ ಅಡಿ ಸೇರಿಸಿ, ಒಳಗೂ ಹೊರಗೂ ಪಟ್ಟಿ ಕೊಟ್ಟು ಬೆಸೆದರು. ಹಿಂದೆ ಮರದ ಹಲಗೆಯ ಬಾಡಿ ಕಟ್ಟಿದರು. ಜೀಪು ಸಣ್ಣ ಲಾರಿಯಾಯಿತು. (ಇಂಥ ಮಾರ್ಪಾಡಿನ ಮೇಲೆ 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಕಡಿವಾಣ ಇದೆ, ಇರಬೇಕಾದದ್ದೇ. ಚಾಸಿ ಉದ್ದವಾದರೆ ಅದರ ಬಲದ ಲೆಕ್ಕವೇ ಬೇರೆಯಾಗುತ್ತದೆ, ಆ ಲೆಕ್ಕ ಬೆಸುಗೆ ಹಾಕುವವರ ಬಳಿ ಇರುವುದಿಲ್ಲ.)

ಆಮೇಲೆ ಪೆಟ್ರೋಲ್ ದುಬಾರಿಯಾಯಿತು. ಹರಿಕೇನ್ ಎಂಬ ಹಳೆಯ ಪೆಟ್ರೋಲ್ ಎಂಜಿನ್ ಇಳಿದು, ಅದರ ಜಾಗಕ್ಕೆ ಡೀಸೆಲ್ ಎಂಜಿನ್ ಬಂತು. ಎಳೆತ ಹೆಚ್ಚಿತು, ಓಟ ಹೋಯಿತು. ಹರಿಕೇನ್ ನಿಮಿಷಕ್ಕೆ 4000 ಸುತ್ತಿನವರೆಗೆ ಏರಬಲ್ಲ ಎಂಜಿನ್. ಡೀಸೆಲ್‌ಗೆ ಅಷ್ಟು ಸುತ್ತುವ ಶಕ್ತಿ ಇಲ್ಲ. ಸಪಾಟು ರಸ್ತೆಯಲ್ಲಿ ಟಾಪ್ ಗೇರಿಗೆ ಹಾಕಿದರೂ ಎಂಜಿನ್ ಅರಚಿಕೊಳ್ಳುತ್ತಿತ್ತೇ ಹೊರತು ಗಾಡಿ ಮುಂದೆ ಸಾಗುತ್ತಿರಲಿಲ್ಲ. ಆಗಿನ ಮಾಲೀಕರು ಅದಕ್ಕೂ ಪರಿಹಾರ ಹುಡುಕಿದರು: ಮಿಲಿಟರಿ ಡಿಸ್ಪೋಸಲ್‌ನಿಂದ ಹಳೆಯ ಯುದ್ಧಕಾಲದ ಜೀಪಿನ ಹಿಂದಿನ ಆಕ್ಸಲನ್ನು ಹೌಸಿಂಗ್ ಸಮೇತ ತಂದು ಕೂರಿಸಿದರು. ಎರಡನೇ ಮಹಾಯುದ್ಧಕ್ಕೆಂದು ವಿಲ್ಲಿಸ್ ಮತ್ತು ಫೋರ್ಡ್ ಕಂಪನಿಗಳು 6 ಲಕ್ಷಕ್ಕೂ ಹೆಚ್ಚು ಜೀಪು ಮಾಡಿದ್ದವು. ಯುದ್ಧ ಮುಗಿದ ಮೇಲೆ ಅವುಗಳ ಅಸ್ಥಿಪಂಜರಗಳು ದಶಕಗಳ ಕಾಲ ನಮ್ಮ ಗುಜರಿಗಳಿಗೆ ಬರುತ್ತಲೇ ಇದ್ದವು.

ಆ ಆಕ್ಸಲ್ ಆರಿಸಿದ್ದರಲ್ಲಿ ಬುದ್ಧಿವಂತಿಕೆ ಇತ್ತು. ಅದು ಫುಲ್ ಫ್ಲೋಟಿಂಗ್. ಅಂದರೆ ಗಾಡಿಯ ತೂಕವನ್ನು ಹೊರುವುದು ಹೌಸಿಂಗಿನ ತುದಿಯ ಬೇರಿಂಗುಗಳು. ಒಳಗಿನ ಆಕ್ಸಲ್ ಶಾಫ್ಟಿಗೆ ಚಕ್ರ ತಿರುಗಿಸುವುದೊಂದೇ ಕೆಲಸ. ಶಾಫ್ಟ್ ಮುರಿದರೂ ಚಕ್ರ ಕಳಚಿ ಹೋಗುವುದಿಲ್ಲ. ಸಿವಿಲ್ ಜೀಪಿನ ಹಿಂದಿನ ಆಕ್ಸಲ್ ಹಾಗಲ್ಲ, ಅಲ್ಲಿ ಶಾಫ್ಟೇ ತೂಕವನ್ನೂ ಹೊರುತ್ತದೆ. ಮೂಟೆ ಹೇರಿ ಘಟ್ಟ ಇಳಿಯುವವರು ಮಿಲಿಟರಿ ಆಕ್ಸಲ್ ಬಯಸಿದ್ದು ಸರಿಯಾಗಿಯೇ ಇತ್ತು. ಅದರೊಳಗಿನ ಕ್ರೌನ್, ಪಿನಿಯನ್ ಎಂಬ ಜೋಡಿ ಹಲ್ಲುಚಕ್ರಗಳ ಲೆಕ್ಕವೂ ಡೀಸೆಲ್‌ಗೆ ಹೊಂದುವಂಥದ್ದು. ಎಂಜಿನ್ ಅಷ್ಟೇ ಸುತ್ತಿಗೆ ಗಾಡಿ ನೂರಕ್ಕೆ ಹತ್ತರಷ್ಟು ಹೆಚ್ಚು ದೂರ ಹೋಗತೊಡಗಿತು. ಅರಚಾಟ ತಗ್ಗಿತು.

ಮುಂದಿನ ಆಕ್ಸಲನ್ನು ಮಾತ್ರ ಯಾರೂ ಮುಟ್ಟಲಿಲ್ಲ. ಅದು ಚೆನ್ನಾಗಿಯೇ ಇತ್ತಲ್ಲ!

ಬೆಳೆಗಾರರ ಕೈಗೆ ಬಂದ ಮೇಲೆ ಗಾಡಿ ತಿನ್ನುತ್ತಿದ್ದದ್ದು ಮುಂದಿನ ಆಕ್ಸಲಿಗೆ ತಿರುವು ಒಯ್ಯುವ ಜಾಯಿಂಟ್ ರಾಡಿನ ಕ್ರಾಸ್‌ಗಳನ್ನು. ಹೊಸದು ಹಾಕಿಸಿದ ಕೆಲವು ತಿಂಗಳಲ್ಲಿ ಕಟಕಟ ಶುರು. ಬಿಚ್ಚಿ ನೋಡಿದರೆ ಕಪ್ಪಿನೊಳಗಿನ ಸೂಜಿ ಬೇರಿಂಗುಗಳು ಪುಡಿ. ಮುಂದಿನ ಟೈರು ಗರಗಸದ ಹಲ್ಲಿನ ಆಕಾರಕ್ಕೆ ಸವೆಯುತ್ತಿತ್ತು. ಊರಿನ ಗ್ಯಾರೇಜಿನಲ್ಲಿ ಪ್ರತಿ ಸಲವೂ ಬೈಗುಳ ತಿಂದದ್ದು ಬಿಡಿಭಾಗ: ‘ಡೂಪ್ಲಿಕೇಟ್ ಮಾಲು ಸಾರ್, ಒರಿಜಿನಲ್ ಸಿಕ್ಕಿದರೆ ತನ್ನಿ.’ ಒರಿಜಿನಲ್ಲೂ ಬಂತು, ಅದೂ ಪುಡಿಯಾಯಿತು.

ಇದಕ್ಕಿಂತ ಕಳವಳ ತಂದದ್ದು ಇಳಿಜಾರಿನ ನಡತೆ. ಕಾಯಿ ಕೊಯ್ಲಿನ ಕಾಲ, ಜನವರಿ. ಮೇಲಿನ ತೋಟದಿಂದ ಕಣಕ್ಕೆ ಇಳಿಯುವ ದಾರಿ ಒಣಗಿ, ಗಟ್ಟಿ ನೆಲದ ಮೇಲೆ ಸಡಿಲ ಜಲ್ಲಿ ಹರಡಿಕೊಂಡಿತ್ತು. ಹಿಂದೆ ಚೀಲಗಳು, ಅವುಗಳ ಮೇಲೆ ಇಬ್ಬರು ಆಳುಗಳು. ಲೋ ಗೇರಿಗೆ ಹಾಕಿ, ಬ್ರೇಕ್ ಮುಟ್ಟದೆ ಎಂಜಿನ್ ಹಿಡಿತದಲ್ಲೇ ಇಳಿಸುತ್ತಿದ್ದಾಗ ತಿರುವು ಬಂತು. ಸ್ಟೇರಿಂಗ್ ತಿರುಗಿಸಿದರು, ಮುಂದಿನ ಚಕ್ರಗಳೂ ತಿರುಗಿದವು, ಗಾಡಿ ಮಾತ್ರ ನೇರವಾಗಿ ಜಾರತೊಡಗಿತು. ಅಂಚಿನ ಸಿಲ್ವರ್ ಓಕ್ ಮರಕ್ಕೆ ಬಂಪರ್ ತಾಗಿ ನಿಂತಿತು. ಮರದ ಆಚೆ ಕಿಬ್ಬಿ. ಚೀಲದ ಮೇಲಿದ್ದವರು ಇಳಿದು ನಡೆದೇ ಹೋದರು. ಅವರನ್ನು ಮತ್ತೆ ಹತ್ತಿ ಎನ್ನುವ ಧೈರ್ಯ ಬೆಳೆಗಾರರಿಗೂ ಇರಲಿಲ್ಲ. ಗಾಡಿಯನ್ನು ಪೂರ್ತಿ ಅರ್ಥ ಮಾಡಿಕೊಳ್ಳದೆ ಇನ್ನು ಜನ ಕೂರಿಸಬಾರದು ಎಂದು ಅವರು ತೀರ್ಮಾನಿಸಿದ್ದು ಆ ಮರದ ಬುಡದಲ್ಲಿ.

ಕುಶಾಲನಗರದ ಹೊರವಲಯದಲ್ಲಿ ಒಬ್ಬ ಮೇಸ್ತ್ರಿ ಇದ್ದರು. ಸೇನೆಯಲ್ಲಿ ಇಎಂಇ, ಅಂದರೆ ಆಗಿನ ಎಲೆಕ್ಟ್ರಿಕಲ್ ಅಂಡ್ ಮೆಕ್ಯಾನಿಕಲ್ ಎಂಜಿನಿಯರ್ಸ್ ದಳದಲ್ಲಿ ಗಾಡಿ ರಿಪೇರಿ ಮಾಡಿ ನಿವೃತ್ತರಾದವರು. ಕೊಡಗಿನಲ್ಲಿ ಅಂಥವರು ಅಪರೂಪವಲ್ಲ. ಇವರ ವಿಶೇಷ ಏನೆಂದರೆ ಸ್ಪ್ಯಾನರ್ ಹಿಡಿಯುವ ಮೊದಲು ಅಳತೆ ಟೇಪು ಹಿಡಿಯುತ್ತಿದ್ದರು. ಕಥೆಯನ್ನೆಲ್ಲ ಕೇಳಿಸಿಕೊಂಡು, ‘ಹಿಂದಿನ ಹೌಸಿಂಗ್ ಯಾವುದು?’ ಎಂದಷ್ಟೇ ಕೇಳಿದರು. ಮಿಲಿಟರಿದು ಎಂದಾಗ ಒಳಗೆ ಹೋಗಿ ಸೀಮೆಸುಣ್ಣ ತಂದರು.

ಗಾಡಿಯನ್ನು ಸಮತಟ್ಟು ಜಾಗದಲ್ಲಿ ನಿಲ್ಲಿಸಿ ಕಲ್ಲು ಕೊಟ್ಟರು. ಎಂಜಿನ್ನಿನ ಬಲವನ್ನು ಮುಂದಕ್ಕೂ ಹಿಂದಕ್ಕೂ ಹಂಚುವ ಟ್ರಾನ್ಸ್‌ಫರ್ ಕೇಸಿನ ಲಿವರ್ ನ್ಯೂಟ್ರಲ್. ಹಿಂದಿನ ಒಂದು ಚಕ್ರವನ್ನು ಮಾತ್ರ ಜ್ಯಾಕ್ ಹಾಕಿ ಎತ್ತಿ, ಇನ್ನೊಂದನ್ನು ನೆಲದ ಮೇಲೆಯೇ ಬಿಟ್ಟರು. ಟೈರಿನ ಮೇಲೊಂದು ಗೆರೆ, ಜಾಯಿಂಟ್ ರಾಡಿನ ಮೇಲೊಂದು ಗೆರೆ. ಗ್ಯಾರೇಜಿನ ಹುಡುಗ ಅಡಿಗೆ ತೂರಿಕೊಂಡ. ಮೇಸ್ತ್ರಿ ಚಕ್ರವನ್ನು ಕೈಯಿಂದ ನಿಧಾನವಾಗಿ ಎರಡು ಪೂರ್ತಿ ಸುತ್ತು ತಿರುಗಿಸಿದರು. ಒಂದು ಚಕ್ರ ನೆಲ ಕಚ್ಚಿಕೊಂಡಿರುವಾಗ ಇನ್ನೊಂದು ಎರಡು ಸುತ್ತು ಬಂದರೆ ಡಿಫರೆನ್ಷಿಯಲ್ಲಿನ ಕ್ರೌನ್ ಸರಿಯಾಗಿ ಒಂದು ಸುತ್ತು ಬರುತ್ತದೆ. ಅಷ್ಟರಲ್ಲಿ ಜಾಯಿಂಟ್ ರಾಡು ಎಷ್ಟು ಸುತ್ತಿತು ಎಂಬುದೇ ಆ ಆಕ್ಸಲಿನ ರೇಷಿಯೋ. ‘ನಾಲ್ಕು ಮುಕ್ಕಾಲು ದಾಟಿ ಸ್ವಲ್ಪ’ ಎಂದ ಹುಡುಗ ಅಡಿಯಿಂದ. ‘ಐದು ಆಗಲಿಲ್ಲವಲ್ಲ?’ ‘ಆಗಲಿಲ್ಲ.’ ಮುಂದೆಯೂ ಹಾಗೆಯೇ ಮಾಡಿದರು. ಅಲ್ಲಿ ಐದು ದಾಟಿ, ಐದೂಕಾಲೂ ದಾಟಿ, ಐದೂವರೆ ಮುಟ್ಟದೆ ಗೆರೆ ನಿಂತಿತು.

ಮೇಸ್ತ್ರಿ ನೆಲದ ಮೇಲೆಯೇ ಬರೆದರು: 39/8, 43/8. ಯುದ್ಧಕಾಲದ ಜೀಪಿನಲ್ಲಿ ಪಿನಿಯನ್ನಿಗೆ 8 ಹಲ್ಲು, ಕ್ರೌನಿಗೆ 39. ಭಾಗಿಸಿದರೆ 4.88. ಯುದ್ಧದ ನಂತರದ ಸಿವಿಲ್ ಜೀಪು ಉಳುಮೆಗೂ ಎಳೆತಕ್ಕೂ ಬೇಕೆಂದು ಕ್ರೌನಿನ ಹಲ್ಲು 43 ಆಯಿತು, ರೇಷಿಯೋ 5.38. ಎರಡು ಆಕ್ಸಲ್‌ಗಳೂ ಒಂದೇ ವಂಶದವು, ಹೊರಗಿನಿಂದ ನೋಡಿದವರಿಗೆ ಹಲ್ಲಿನ ವ್ಯತ್ಯಾಸ ಕಾಣುವುದಿಲ್ಲ.

ಆ ಕಾಲದ ಜೀಪಿನ ಟ್ರಾನ್ಸ್‌ಫರ್ ಕೇಸಿನಲ್ಲಿ ನಡುವೆ ಡಿಫರೆನ್ಷಿಯಲ್ ಇಲ್ಲ. ಫೋರ್ ವೀಲ್ ಹಾಕಿದ ಕ್ಷಣದಿಂದ ಮುಂದಿನ ರಾಡು, ಹಿಂದಿನ ರಾಡು ಎರಡೂ ಒಂದೇ ವೇಗದಲ್ಲಿ ಸುತ್ತಲೇಬೇಕು. ಹಿಂದಿನ ಚಕ್ರ 100 ಮೀಟರ್ ಉರುಳುವಷ್ಟರಲ್ಲಿ ಈ ಗಾಡಿಯ ಮುಂದಿನ ಚಕ್ರ ಉರುಳುತ್ತಿದ್ದದ್ದು 91 ಮೀಟರ್‌ನಷ್ಟು. ಆದರೆ ಗಾಡಿ ಒಂದೇ, ಎರಡೂ ಒಂದೇ ದೂರ ಹೋಗಬೇಕು. ಉಳಿದ 9 ಮೀಟರನ್ನು ಯಾವುದೋ ಒಂದು ಟೈರು ಉಜ್ಜಿಯೇ ತೀರಿಸಬೇಕು. ಕೆಸರಿನಲ್ಲಿ ಉಜ್ಜುವುದಕ್ಕೆ ತಡೆಯೇ ಇಲ್ಲ, ಎಲ್ಲ ಚಕ್ರವೂ ಅಷ್ಟಿಷ್ಟು ಜಾರುತ್ತಲೇ ಇರುತ್ತದೆ, ಹಾಗಾಗಿ ದೋಷ ಅಲ್ಲಿ ಮುಚ್ಚಿಹೋಗುತ್ತಿತ್ತು. ಗಟ್ಟಿ ನೆಲದಲ್ಲಿ ಟೈರು ಜಾರದೆ ಹಿಡಿದುಕೊಂಡಾಗ ಆ ತಿರುಚು ರಾಡಿಗೆ, ಕ್ರಾಸ್‌ಗೆ, ಗೇರಿನ ಹಲ್ಲಿಗೆ ಏರುತ್ತ ಹೋಗುತ್ತಿತ್ತು. ಲಿವರ್ ಕಚ್ಚಿಕೊಳ್ಳುತ್ತಿದ್ದದ್ದು ಅದಕ್ಕೆ. ರಿವರ್ಸಿನಲ್ಲಿ ಬಂದ ಆ ಟಣ್ ಸದ್ದು ತಿರುಚು ಬಿಚ್ಚಿಕೊಂಡ ಸದ್ದು. ಇಳಿಜಾರಿನಲ್ಲಿ ಆದದ್ದು ಇನ್ನೂ ಕೆಟ್ಟದ್ದು: ಎಂಜಿನ್ ಹಿಡಿತಕ್ಕೆ ಸಿಕ್ಕ ಮುಂದಿನ ಚಕ್ರಗಳು ಗಾಡಿಯ ವೇಗಕ್ಕಿಂತ ನಿಧಾನವಾಗಿ ಉರುಳುತ್ತಿದ್ದವು. ಅರೆಬರೆ ಬ್ರೇಕ್ ಒತ್ತಿ ಹಿಡಿದ ಚಕ್ರ ಜಲ್ಲಿಯ ಮೇಲೆ ತಿರುವಿನ ಮಾತು ಕೇಳುವುದಿಲ್ಲ.

‘ಒಂದೊಂದು ಸಾಮಾನೂ ಸರಿಯಿದೆ ಸಾರ್. ಒಂದಕ್ಕೊಂದು ಸರಿಯಿಲ್ಲ’ ಎಂದರು ಮೇಸ್ತ್ರಿ.

ಬೆಳೆಗಾರರು ಇಂದಿಗೂ ಮೆಲುಕು ಹಾಕುವುದು ಈ ಮಾತನ್ನು. ಚಾಸಿ ಉದ್ದ ಮಾಡಿದವರಿಗೆ ಜಾಗ ಬೇಕಿತ್ತು, ಡೀಸೆಲ್ ಹಾಕಿಸಿದವರಿಗೆ ಉಳಿತಾಯ ಬೇಕಿತ್ತು, ಆಕ್ಸಲ್ ಬದಲಿಸಿದವರಿಗೆ ಭದ್ರತೆ ಬೇಕಿತ್ತು. ಯಾರೂ ಮೂರ್ಖರಲ್ಲ, ಯಾರೂ ಮೋಸಗಾರರಲ್ಲ. ಆದರೆ ಹಿಂದಿನದನ್ನು ಬದಲಿಸಿದ ದಿನ ಮುಂದಿನದರ ಹಲ್ಲು ಎಣಿಸಿ ನೋಡುವ ಕೆಲಸವನ್ನು ಯಾರೂ ಮಾಡಲಿಲ್ಲ. ಹಳೆಯ ಗಾಡಿಗಳ ಬಹುಪಾಲು ಗೋಳು ಇರುವುದು ಹೀಗೆ ಎರಡು ರಿಪೇರಿಗಳ ನಡುವಿನ ಜಾಗದಲ್ಲಿ, ಬಿಲ್ಲಿನಲ್ಲಿ ಬರೆಯಲಾಗದ ಜಾಗದಲ್ಲಿ.

ಇನ್ನು ಯಾವುದನ್ನು ಯಾವುದಕ್ಕೆ ಸರಿಹೊಂದಿಸುವುದು? ಹಿಂದಿನದನ್ನು 5.38 ಮಾಡಿದರೆ ಡೀಸೆಲ್ ಮತ್ತೆ ಅರಚಿಕೊಳ್ಳುತ್ತದೆ. ಮುಂದಿನದನ್ನು 4.88ಕ್ಕೆ ತರುವುದು ಸರಿ. ಏರಿಗೆ ಬೇಕಾದ ಎಳೆತವನ್ನು ಲೋ ಗೇರು ಕೊಡುತ್ತದೆ, ಅದರ ಜತೆಗೆ ಡೀಸೆಲ್ಲಿನ ಬಲವೂ ಇದೆ. ಯುದ್ಧಕಾಲದ ಜೀಪಿನಲ್ಲಿ ಮುಂದಿನ, ಹಿಂದಿನ ಕ್ರೌನ್ ಪಿನಿಯನ್ ಒಂದೇ ಬಗೆಯವು. ಅವು ಸಿವಿಲ್ ಜೀಪಿನ ಮುಂದಿನ ಹೌಸಿಂಗಿಗೂ ಕೂರುತ್ತವೆ. ಹಾಗಾಗಿ ಹೌಸಿಂಗ್ ಬದಲಿಸದೆ ಒಳಗಿನ ಜೋಡಿಯನ್ನಷ್ಟೇ ಬದಲಿಸಬಹುದಿತ್ತು.

ಜೋಡಿಗಾಗಿ ಮೇಸ್ತ್ರಿಯೂ ಬೆಳೆಗಾರರೂ ಬೆಂಗಳೂರಿನ ಬಸ್ಸು ಹತ್ತಿದರು. ಶಿವಾಜಿನಗರದ ಗುಜರಿ ಗಲ್ಲಿಗಳಲ್ಲಿ ಆಗ ಜೀಪಿನ ಸಾಮಾನು ರಾಶಿ ಬಿದ್ದಿರುತ್ತಿತ್ತು. ಒಂದು ಅಂಗಡಿಯಲ್ಲಿ ಒಂದು ಗುಡ್ಡೆಯಿಂದ ಕ್ರೌನ್, ಇನ್ನೊಂದು ಗುಡ್ಡೆಯಿಂದ ಪಿನಿಯನ್ ತೆಗೆದುಕೊಟ್ಟು ‘ಹಲ್ಲು ಸರಿಯಿದೆ, ತಗೊಳ್ಳಿ’ ಎಂದರು. ಮೇಸ್ತ್ರಿ ಒಪ್ಪಲಿಲ್ಲ. ಕ್ರೌನ್ ಪಿನಿಯನ್‌ಗಳನ್ನು ಕಾರ್ಖಾನೆಯಲ್ಲಿ ಒಂದರ ಜತೆ ಒಂದನ್ನು ಓಡಿಸಿ, ಉಜ್ಜಿ, ಜೋಡಿಯಾಗಿಯೇ ಗುರುತು ಹಾಕುತ್ತಾರೆ. ಹಲ್ಲಿನ ಎಣಿಕೆ ಒಂದೇ ಇದ್ದರೂ ಬೇರೆ ಜೋಡಿಯದನ್ನು ಬೆರೆಸಿದರೆ ಸದ್ದು ಮಾಡುತ್ತವೆ, ಬೇಗ ಸಾಯುತ್ತವೆ. ಮಧ್ಯಾಹ್ನ ಕಳೆದ ಮೇಲೆ ಬೇರೊಂದು ಕಡೆ ಬಿಚ್ಚದ ಡಿಫರೆನ್ಷಿಯಲ್ ಒಂದು ಸಿಕ್ಕಿತು. ಮೇಸ್ತ್ರಿ ಅಲ್ಲೇ ಕುಕ್ಕರಗಾಲಲ್ಲಿ ಕೂತು, ಹಳೆಯ ಎಣ್ಣೆಯನ್ನು ಬೆರಳಲ್ಲಿ ಒರೆಸಿ, ಒಂದೊಂದೇ ಹಲ್ಲಿನ ಮೇಲೆ ಹೆಬ್ಬೆರಳು ಆಡಿಸುತ್ತ 39 ಎಣಿಸಿದರು. ಹಲ್ಲಿನ ಮುಖದಲ್ಲಿ ಗುಳಿ ಇಲ್ಲ, ಪಿನಿಯನ್ ತುದಿ ಚಕ್ಕೆ ಎದ್ದಿಲ್ಲ, ಜೋಡಿ ಗುರುತೂ ಹೊಂದುತ್ತಿತ್ತು. ಬೇರಿಂಗು, ಸೀಲು, ಶಿಮ್‌ಗಳನ್ನು ಜೆ.ಸಿ. ರಸ್ತೆಯಲ್ಲಿ ಹೊಸದೇ ಕೊಂಡರು. ಹಳೆಯ ಹಲ್ಲಿಗೆ ಹಳೆಯ ಬೇರಿಂಗ್ ಬೇಡ ಎಂಬುದು ಮೇಸ್ತ್ರಿಯ ಹಟ.

ಜೋಡಿಸುವ ಕೆಲಸವೇ ತಾಳ್ಮೆಯದ್ದು. ಪಿನಿಯನ್ ಎಷ್ಟು ಒಳಗೆ ನಿಲ್ಲಬೇಕೆಂಬುದನ್ನು ತೀರ್ಮಾನಿಸುವುದು ಬೇರಿಂಗಿನ ಹಿಂದಿನ ತೆಳು ಶಿಮ್‌ಗಳು. ಕ್ರೌನಿನ ಹಲ್ಲುಗಳಿಗೆ ನೀಲಿ ಬಣ್ಣ ಹಚ್ಚಿ, ಕ್ರೌನನ್ನು ಅದುಮಿ ಹಿಡಿದು ಪಿನಿಯನ್ ತಿರುಗಿಸಿದರೆ ಎರಡೂ ತಾಗಿದ ಜಾಗದಲ್ಲಿ ಬಣ್ಣ ಅಳಿಸಿ ಒಂದು ಅಚ್ಚು ಮೂಡುತ್ತದೆ. ಮೊದಲ ಸಲ ಅಚ್ಚು ಹಲ್ಲಿನ ಬುಡಕ್ಕೆ ಇಳಿದಿತ್ತು. ಪಿನಿಯನ್ ಹೆಚ್ಚು ಒಳಗೆ ಹೋಗಿದೆ ಎಂದರ್ಥ. ಬಿಚ್ಚಿ, ಶಿಮ್ ಕಡಿಮೆ ಮಾಡಿ, ಮತ್ತೆ ಒತ್ತಿ ಕೂರಿಸಿ, ಮತ್ತೆ ಬಣ್ಣ. ಆ ಬಗೆಯ ಆಕ್ಸಲಿನಲ್ಲಿ ಪಕ್ಕದ ಬೇರಿಂಗಿನ ಶಿಮ್‌ಗಳೂ ಬೇರಿಂಗಿನ ಹಿಂದೆಯೇ ಇರುವುದರಿಂದ ಪ್ರತಿ ತಿದ್ದುಪಡಿಗೂ ಪುಲ್ಲರ್ ಹಾಕಿ ಬೇರಿಂಗ್ ಎಳೆಯಲೇಬೇಕು. ಅಚ್ಚು ಹಲ್ಲಿನ ನಡುವಿಗೆ, ಬುಡವೂ ಅಲ್ಲದ ತುದಿಯೂ ಅಲ್ಲದ ಜಾಗಕ್ಕೆ ಬಂದ ಮೇಲೆ ಡಯಲ್ ಗೇಜ್ ಕಚ್ಚಿಸಿ ಹಲ್ಲುಗಳ ನಡುವಿನ ಆಟ ನೋಡಿದರು. ಅಂಗುಲದ ಸಾವಿರದಲ್ಲಿ 5ರಿಂದ 7 ಭಾಗ ಇರಬೇಕು. ಮುಳ್ಳು ಆರರ ಹತ್ತಿರ ನಿಂತಿತು. ಮೇಸ್ತ್ರಿ ಏನೂ ಹೇಳದೆ ಕೈ ಒರೆಸಿಕೊಂಡು ಟೀ ತರಿಸಿದರು.

ಬೆಳೆಗಾರರು ಗಾಡಿ ಸಿದ್ಧವಾಯಿತೆಂದುಕೊಂಡರು. ಮೇಸ್ತ್ರಿ ನೂಲುಂಡೆ ತೆಗೆದರು.

ನಾಲ್ಕು ಚಕ್ರದ ಪಕ್ಕಕ್ಕೂ ನೂಲು ಎಳೆದು ನೋಡಿದಾಗ ಗೊತ್ತಾದದ್ದು, ಗಾಡಿ ಏಡಿಯ ಹಾಗೆ ಅಡ್ಡ ನಡೆಯುತ್ತಿದೆ ಎಂಬುದು. ಎಡಗಡೆ ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ನಡುವಿನ ದೂರ ಬಲಗಡೆಗಿಂತ ಅರ್ಧ ಅಂಗುಲ ಕಡಿಮೆ. ಚಾಸಿ ಬೆಸೆದವರ ಮೇಲೆ ಎಲ್ಲರ ಅನುಮಾನ ಹೋಯಿತು. ಮೂಲೆಯಿಂದ ಮೂಲೆಗೆ ಅಳೆದರೆ ಚಾಸಿ ನೇರವಾಗಿಯೇ ಇತ್ತು; ಬೆಸೆದವರು ಅಳತೆ ಬಲ್ಲವರೇ. ದೋಷ ಇದ್ದದ್ದು ಸ್ಪ್ರಿಂಗ್ ಪ್ಲೇಟಿನಲ್ಲಿ. ಎಡಹಿಂದಿನ ಕಟ್ಟಿನ ಮೇನ್ ಪ್ಲೇಟು ಯಾವಾಗಲೋ ಮುರಿದಾಗ ಬೇರೆ ಗಾಡಿಯದ್ದನ್ನು ಹಾಕಿದ್ದರು. ಉದ್ದ ಸರಿಯಿತ್ತು, ಅಗಲ ಸರಿಯಿತ್ತು, ಸೆಂಟರ್ ಬೋಲ್ಟಿನ ತೂತು ಮಾತ್ರ ಅರ್ಧ ಅಂಗುಲ ಮುಂದೆ ಇತ್ತು. ಆಕ್ಸಲ್ ಕೂರುವ ಜಾಗವನ್ನು ಗೊತ್ತುಮಾಡುವುದೇ ಆ ಬೋಲ್ಟಿನ ತಲೆ. ಹಾಗಾಗಿ ಇಡೀ ಹಿಂದಿನ ಆಕ್ಸಲ್ ಓರೆಯಾಗಿ ಕೂತಿತ್ತು. ಜೀಪಿನಲ್ಲಿ ಪ್ಲೇಟು ಬರೀ ಕುಲುಕಾಟ ತಡೆಯುವುದಕ್ಕಲ್ಲ. ಆಕ್ಸಲನ್ನು ಅದರ ಜಾಗದಲ್ಲಿ ಹಿಡಿದಿಡುವುದು, ಚಕ್ರದ ನೂಕನ್ನು ಚಾಸಿಗೆ ಮುಟ್ಟಿಸುವುದು ಎಲ್ಲವೂ ಅದರದೇ ಕೆಲಸ.

ಭಾರಕ್ಕೆಂದು ಹಿಂದಿನ ಕಟ್ಟುಗಳಿಗೆ ಹೆಚ್ಚುವರಿ ಪ್ಲೇಟು ಸೇರಿಸುತ್ತ ಹೋಗಿದ್ದರಿಂದ ಇನ್ನೊಂದು ಅನಾಹುತವೂ ಆಗಿತ್ತು. ಖಾಲಿ ಗಾಡಿಯ ಹಿಂಭಾಗ ಎದ್ದು ನಿಂತು ಮೂತಿ ಕೆಳಗಾಗಿತ್ತು. ಮುಂದಿನ ಪ್ಲೇಟುಗಳು ಹಳತಾಗಿ ಬಿಲ್ಲು ಬಿಟ್ಟಿದ್ದವು. ಜೀಪಿನ ಮುಂದಿನ ಆಕ್ಸಲಿಗೆ 3 ಡಿಗ್ರಿ ಕ್ಯಾಸ್ಟರ್ ಇರಬೇಕು, ಅಂದರೆ ಕಿಂಗ್ ಪಿನ್ನಿನ ತಲೆ ಅಷ್ಟು ಹಿಂದಕ್ಕೆ ವಾಲಿರಬೇಕು. ತಿರುವು ಮುಗಿದ ಮೇಲೆ ಸ್ಟೇರಿಂಗ್ ತಾನಾಗಿ ನೇರಕ್ಕೆ ಬರುವುದು ಆ ವಾಲಿಕೆಯಿಂದ. ತೂಗುಗುಂಡು, ಕೋನಮಾಪಕ ಇಟ್ಟು ನೋಡಿದರೆ ಇಲ್ಲಿ ಒಂದು ಡಿಗ್ರಿಯೂ ಉಳಿದಿರಲಿಲ್ಲ. ಗಾಡಿ ರಸ್ತೆಯ ಮೇಲೆ ಅತ್ತಿತ್ತ ಅಲೆಯುತ್ತಿದ್ದದ್ದಕ್ಕೆ ಎಲ್ಲರೂ ಸ್ಟೇರಿಂಗ್ ಬಾಕ್ಸನ್ನು ಬೈದದ್ದಷ್ಟೇ ಬಂತು.

ಪ್ಲೇಟಿನ ಕೆಲಸಕ್ಕೆ ಮೇಸ್ತ್ರಿ ಗಾಡಿಯನ್ನು ಮೈಸೂರಿಗೆ ಕಳಿಸಿದರು. ಕಳಿಸುವಾಗ ಒಂದೇ ಷರತ್ತು: ಕುಲುಮೆಗೆ ಹಾಕಬಾರದು. ಪ್ಲೇಟನ್ನು ಕೆಂಪಗೆ ಕಾಯಿಸಿ ಬಗ್ಗಿಸುವುದು ಸುಲಭ. ಆಮೇಲೆ ಸರಿಯಾಗಿ ಹದ ಕೊಡದಿದ್ದರೆ ಉಕ್ಕು ಸತ್ತು, ಕೆಲವೇ ದಿನಕ್ಕೆ ಬಿಲ್ಲು ಬಿಡುತ್ತದೆ, ಇಲ್ಲವೇ ಪಟ್ಟನೆ ಮುರಿಯುತ್ತದೆ. ತಣ್ಣಗಿರುವಾಗಲೇ ಸುತ್ತಿಗೆಯಲ್ಲಿ ಅಂಗುಲ ಅಂಗುಲಕ್ಕೂ ಬಡಿದು ಬಿಲ್ಲು ತರುವ ಕೈಗಳು ಆಗ ಅಲ್ಲಿದ್ದವು. ಮುಂದಿನ ಕಟ್ಟುಗಳು ಹಾಗೆ ಎದ್ದುವು. ಹಿಂದೆ ಹೆಚ್ಚುವರಿ ಪ್ಲೇಟುಗಳನ್ನು ಕಿತ್ತು, ಎರಡೂ ಕಡೆ ಒಂದೇ ಅಳತೆಯ ಹೊಸ ಮೇನ್ ಪ್ಲೇಟು ಹಾಕಿ, ತೀರ ಕೆಳಗೆ ದಪ್ಪನೆಯ, ಸಪಾಟಾದ, ಗಿಡ್ಡ ಹೆಲ್ಪರ್ ಪ್ಲೇಟು ಕೊಟ್ಟರು. ಖಾಲಿ ಇದ್ದಾಗ ಅದು ಸುಮ್ಮನಿರುತ್ತದೆ, ಭಾರ ಬಿದ್ದು ಉಳಿದವು ಸಪಾಟಾದಾಗ ಮಾತ್ರ ತಾಗಿ ಹೆಗಲು ಕೊಡುತ್ತದೆ. ಲಾರಿಗಳಲ್ಲಿ ಹಿಂದಿನಿಂದಲೂ ಇರುವ ಏರ್ಪಾಡೇ. ಅದನ್ನು ಬಿಟ್ಟು ಉದ್ದ ಪ್ಲೇಟನ್ನೇ ಪೇರಿಸುತ್ತ ಹೋಗುವುದು ಗಾಡಿಗೂ ಹಿಂಸೆ, ಕೂತವರ ಬೆನ್ನಿಗೂ ಹಿಂಸೆ.

ಇಷ್ಟಾದರೂ ಕ್ಯಾಸ್ಟರ್ ಒಂದು ಡಿಗ್ರಿಯಷ್ಟು ಸಾಲದೆ ಬಂತು. ಅದಕ್ಕೆ ಉಕ್ಕಿನ ಆಪು ಮಾಡಿಸಿದರು. ಜೀಪಿನಲ್ಲಿ ಪ್ಲೇಟು ಆಕ್ಸಲಿನ ಅಡಿಯಲ್ಲಿ ಹಾಯುವುದರಿಂದ ಆಪಿನ ದಪ್ಪ ತುದಿ ಮುಂದಕ್ಕೆ ಬರಬೇಕು. ಬೆಳೆಗಾರರು ಇನ್ನೂ ಒಂದು ಡಿಗ್ರಿ ಹೆಚ್ಚೇ ಕೊಡಬಹುದಲ್ಲ ಎಂದು ಕೇಳಿದರು. ಆಕ್ಸಲ್ ಹಿಂದಕ್ಕೆ ವಾಲಿದಷ್ಟೂ ಪಿನಿಯನ್ನಿನ ಮೂಗು ಕೆಳಗಾಗುತ್ತದೆ, ಮುಂದಿನ ರಾಡಿನ ಕ್ರಾಸ್ ಅಷ್ಟೇ ಕಡಿದಾದ ಕೋನದಲ್ಲಿ ದುಡಿಯಬೇಕಾಗುತ್ತದೆ ಎಂದು ಮೇಸ್ತ್ರಿ ಕೈಯನ್ನೇ ಆಕ್ಸಲ್ ಮಾಡಿ ತೋರಿಸಿದರು.

ಕೊನೆಗೆ ಉಳಿದದ್ದು ಹಿಂದಿನ ರಾಡು. ಚಾಸಿ ಉದ್ದವಾದಾಗ ಅದರ ಕೊಳವೆಯನ್ನೂ ಕತ್ತರಿಸಿ ಉದ್ದ ಮಾಡಿದ್ದರು. ರಾಡಿನ ಎರಡೂ ತುದಿಯ ಕವಲುಗಳು ಒಂದೇ ಮಟ್ಟದಲ್ಲಿ ಇರಬೇಕು. ಕ್ರಾಸ್ ಕೋನದಲ್ಲಿ ತಿರುಗುವಾಗ ಪ್ರತಿ ಸುತ್ತಿನಲ್ಲೂ ರಾಡಿನ ವೇಗ ಎರಡು ಸಲ ಏರಿ ಎರಡು ಸಲ ಇಳಿಯುತ್ತದೆ. ಒಂದು ತುದಿಯ ಈ ಏರಿಳಿತವನ್ನು ಇನ್ನೊಂದು ತುದಿ ಸರಿದೂಗಿಸಬೇಕಾದರೆ ಕವಲುಗಳು ನೇರಾನೇರ ಇರಲೇಬೇಕು. ಇಲ್ಲಿ ಒಂದು ಕವಲು ಕಣ್ಣಿಗೆ ಕಾಣುವಷ್ಟು ತಿರುಚಿಕೊಂಡಿತ್ತು. ವೇಗ ಏರಿದಾಗ ಸೀಟಿನ ಅಡಿಯಲ್ಲಿ ಬರುತ್ತಿದ್ದ ಗುಂಯ್‌ಗುಡುವಿಕೆಯ ಮೂಲ ಅದು. ಲೇತಿಗೆ ಕಟ್ಟಿ, ಬೆಸುಗೆ ಬಿಚ್ಚಿ, ನೇರ ಮಾಡಿ ಮತ್ತೆ ಬೆಸೆಸಿದರು.

ಮಳೆ ಬರುವ ಮೊದಲೇ ಗಾಡಿ ಊರಿಗೆ ಬಂತು. ಬೆಳೆಗಾರರು ಅದನ್ನು ಜಲ್ಲಿ ದಾರಿಗೆ ಒಯ್ದದ್ದು ಒಬ್ಬರೇ, ಹಿಂದೆ ಮರಳಿನ ಚೀಲ ಹೇರಿಕೊಂಡು. ಲೋ ಗೇರು, ಅದೇ ತಿರುವು. ಮುಂದಿನ ಚಕ್ರ ತಿರುಗಿದ ಕಡೆಗೇ ಗಾಡಿ ತಿರುಗಿತು. ಕೆಳಗೆ ಕಣದ ಹತ್ತಿರ ನಿಲ್ಲಿಸಿ ಫೋರ್ ವೀಲಿನ ಲಿವರ್ ಎಳೆದರೆ ಸಲೀಸಾಗಿ ಬಂತು. ಗಟ್ಟಿ ನೆಲದಲ್ಲಿ ಫೋರ್ ವೀಲ್ ಹಾಕಿ ತಿರುವು ತೆಗೆದರೆ ಯಾವ ಜೀಪಿಗಾದರೂ ಸ್ವಲ್ಪ ಬಿಗಿತ ಇದ್ದದ್ದೇ. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ಹೆಚ್ಚು ದೂರ ಹೋಗುತ್ತವೆ, ನಡುವೆ ಡಿಫರೆನ್ಷಿಯಲ್ ಇಲ್ಲದ ಮೇಲೆ ಅದು ತಪ್ಪುವುದಿಲ್ಲ. ಆದರೆ ನೇರ ದಾರಿಯಲ್ಲಿ ಗಾಡಿ ತನ್ನೊಂದಿಗೆ ತಾನೇ ಜಗಳಾಡುವುದು ನಿಂತಿತ್ತು. ಸಿಲ್ವರ್ ಓಕ್ ಮರದ ಬುಡದಿಂದ ನಡೆದುಹೋಗಿದ್ದ ಆಳುಗಳು ಮಾತ್ರ ಆ ವರ್ಷ ಪೂರ್ತಿ ಚೀಲದ ಮೇಲೆ ಕೂರಲಿಲ್ಲ. ಕೂರಿ ಎಂದು ಬೆಳೆಗಾರರೂ ಹೇಳಲಿಲ್ಲ. ಆಮೇಲೆ ಜನಕ್ಕೆ ಬೇರೆ ಗಾಡಿಯನ್ನೇ ಮಾಡಿದರು.

ಗಾಡಿ ಒಪ್ಪಿಸುವಾಗ ಮೇಸ್ತ್ರಿ ನೂರು ಪುಟದ ಒಂದು ನೋಟ್‌ಬುಕ್ಕನ್ನೂ ಕೊಟ್ಟಿದ್ದರು. ಮುಂದೆ 39/8, ಹಿಂದೆ 39/8, ಪಿನಿಯನ್ ಶಿಮ್‌ಗಳ ದಪ್ಪ, ಬೇರಿಂಗುಗಳ ನಂಬರು, ಪ್ಲೇಟುಗಳ ಉದ್ದ, ಸೆಂಟರ್ ಬೋಲ್ಟಿನ ತೂತು ಯಾವ ತುದಿಯಿಂದ ಎಷ್ಟು ದೂರ, ಆಪು ಎಷ್ಟು ಡಿಗ್ರಿ. ಯು ಬೋಲ್ಟುಗಳನ್ನು ಭಾರ ಹೇರಿ ಓಡಿಸಿದ ಮೇಲೆ ಮತ್ತೊಮ್ಮೆ ಬಿಗಿಸಬೇಕೆಂದು ಕೆಂಪು ಶಾಯಿಯಲ್ಲಿ ಬರೆದಿತ್ತು. ಬೆಳೆಗಾರರು ಮುಂದೆ ಪ್ರತಿ ರಿಪೇರಿಯನ್ನೂ ಅದರಲ್ಲೇ ಬರೆದುಕೊಂಡು ಬಂದರು. ವರ್ಷಗಳ ನಂತರ ಸಕಲೇಶಪುರದ ಕಡೆಯವರೊಬ್ಬರಿಗೆ ಗಾಡಿ ಮಾರಿದಾಗ ನೋಟ್‌ಬುಕ್ಕನ್ನೂ, ತಂತಿಯಲ್ಲಿ ಬಿಗಿಯಾಗಿ ಕಟ್ಟಿಟ್ಟಿದ್ದ ಹಳೆಯ 43/8ರ ಜೋಡಿಯನ್ನೂ ಜತೆಗೇ ಕೊಟ್ಟು ಕಳಿಸಿದರು. ಕೊಂಡವರು ಊರು ತಲುಪಿದ ವಾರದೊಳಗೆ ಫೋನ್ ಮಾಡಿ, ಮೂರನೇ ಪುಟದಲ್ಲಿ ಎಣ್ಣೆ ತಾಗಿ ಅಳಿಸಿದ ಬೇರಿಂಗ್ ನಂಬರು ಯಾವುದೆಂದು ಕೇಳಿದರು. ಬೆಳೆಗಾರರ ಬಳಿ ಆ ಪುಟದ ಜೆರಾಕ್ಸ್ ಇತ್ತು.